ಹುರುಳಿ ಹಾಸಿದ ಇಳಿಜಾರು

ನನ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವುದಕ್ಕಿಂತ ಹೆಡ್‌ಮಾಸ್ಟರ ಎದುರು ನಿಂತು ಬೈಸಿಕೊಳ್ಳುವುದು ವಾಸಿ. ಹೆಡ್‌ಮಾಸ್ಟರು ಬೈದು ಮುಗಿಸುತ್ತಾರೆ. ಇವನು ಮುಗಿಸುವುದೇ ಇಲ್ಲ. ಎದುರಿಗಿದ್ದಾಗ ‘ನೀವು’ ಎಂದೇ ಮಾತಾಡುತ್ತೇನೆ. ಬರೆಯುವಾಗ ‘ಅವನು’ ಎಂದು ಬರೆಯುತ್ತೇನೆ, ಅಷ್ಟಾದರೂ ನನಗಿರಲಿ.

ನಮ್ಮ ಮನೆ ಮದ್ದೂರಿನಲ್ಲಿ. ನಾನು ಪಾಠ ಹೇಳುವ ಶಾಲೆ ಮಳವಳ್ಳಿ ದಾಟಿ ಬಂಡೂರಿನ ಕಡೆಗೆ. ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮೊದಲನೆಯದು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಎರಡನೆಯದು ಹೊರಟುಹೋಗಿರುತ್ತದೆ. ಆಮೇಲೆ ಆಟೋದವರ ಕೈಕಾಲು ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ಡು ಅರ್ಧ ಕಳೆದಿರುತ್ತದೆ. ಅವನು ಮಂಡ್ಯದ ಆಫೀಸಿಗೆ ಹೋಗುವುದು ರೈಲಿನಲ್ಲಿ. ಮನೆಯಿಂದ ಸ್ಟೇಷನ್ನು ಮೈ ಬೆವರುವಷ್ಟು ದೂರವೂ ಇಲ್ಲ. ಆದರೂ ಅಲ್ಲಿಯವರೆಗೆ ಕಾರಿನಲ್ಲೇ ಹೋಗಬೇಕು. ಆಮೇಲೆ ಇಡೀ ದಿನ ಆ ಕಾರು ಮರದ ಕೆಳಗೆ ಕಾಗೆ ಹಿಕ್ಕೆ ಹೊತ್ತುಕೊಂಡು ನಿಂತಿರುತ್ತದೆ. ಬಸ್ಸಿನ ಕಂಬಿ ಹಿಡಿದು ಜೋಲಿ ಹೊಡೆಯುವಾಗಲೆಲ್ಲ ಆ ಕಾರು ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತೆ, ಲೈಸೆನ್ಸೂ ಬಂತು. ನಿಲ್ಲಿಸುವಾಗ ಬ್ರೇಕಿನ ಮೇಲೆ ಬೀಳಬೇಡಿ, ಮೊದಲು ಗೇರು ಇಳಿಸಿ ಎನ್ನುವುದು ಅಲ್ಲಿ ಕಲಿಸಿದವರ ಪಾಠ. ನಾಲ್ಕರಿಂದ ಮೂರಕ್ಕೆ ತಂದು ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಎಂಜಿನ್ನು ಗುರ್ ಎಂದು ಗಾಡಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಎರಡು. ಅಷ್ಟು ಹೊತ್ತಿಗೆ ಬ್ರೇಕಿನ ಮೇಲೆ ಕಾಲು ಊರಿದರೆ ಸಾಕು. ಇನ್ನೇನು ನಿಲ್ಲಬೇಕು ಎನ್ನುವಾಗ ಕ್ಲಚ್ಚು ಒತ್ತಿದರೆ ಎಂಜಿನ್ನು ಆಫ್ ಆಗದೆ ಗಾಡಿ ನಿಲ್ಲುತ್ತದೆ. ನನಗೆ ಇದು ಬೇಗ ಕೈಗೆ ಹತ್ತಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆದರೆ ಅವನಿಗೆ ಇಳಿಜಾರು ಕಂಡರೆ ನ್ಯೂಟ್ರಲ್ ಮಾಡುವ ಚಾಳಿ. ನಾನು ಓಡಿಸುತ್ತಿದ್ದರೂ ಪಕ್ಕದಿಂದ ಕೈ ಹಾಕಿ ಗೇರು ತೆಗೆದುಬಿಡುತ್ತಿದ್ದ. ಸುಮ್ಮನೆ ಪೆಟ್ರೋಲು ಯಾಕೆ ಸುಡಬೇಕು, ಗಾಡಿ ಅದರ ಪಾಡಿಗೆ ಅದು ಹೋಗುತ್ತದೆ ಎನ್ನುವ ವಾದ. ನಾನು ಗೇರು ಇಳಿಸಿ ಎಂಜಿನ್ನು ಸದ್ದು ಮಾಡಿದರೆ ಅವನ ಹಲ್ಲು ಕಿತ್ತ ಹಾಗೆ ಮುಖ ಕಿವುಚುತ್ತಿದ್ದ. ಮನೆಗೆ ಬಂದು ತಾಯಿಯ ಎದುರು ನನ್ನ ಗ್ರಹಚಾರ ಬಿಡಿಸುತ್ತಿದ್ದ: ಇವಳಿಗೆ ಗಾಡಿ ಹಿಡಿತಕ್ಕೆ ಬಂದಿಲ್ಲ, ಕೀ ಕೊಡುವ ಮಾತೇ ಇಲ್ಲ. ನನ್ನ ಅತ್ತೆಯೂ ಅದಕ್ಕೆ ತಲೆಯಾಡಿಸುತ್ತಿದ್ದರು. ಜನ್ಮದಲ್ಲಿ ಸ್ಟೇರಿಂಗು ಮುಟ್ಟದ ಹೆಂಗಸಿನ ತೀರ್ಪು ನನ್ನ ಮೇಲೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಮಳವಳ್ಳಿಯಲ್ಲಿ ಬೀಗರ ಊಟ ಇತ್ತು. ಅವನು ಚೆನ್ನಾಗಿ ಬಾರಿಸಿದ್ದ, ಕಣ್ಣು ಎಳೆಯುತ್ತಿತ್ತು. ವಾಪಸು ನಾನು ಓಡಿಸುತ್ತೇನೆ ಎಂದೆ. ಉಂಡದ್ದು ಅರಗುವವರೆಗಾದರೂ ಬದುಕಿರಬೇಕು ಎಂದು ನೆಂಟರೆಲ್ಲರ ಎದುರಿಗೇ ಅಂದ. ಎಲ್ಲರೂ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಪಕ್ಕದ ಸೀಟಿನಲ್ಲಿ ಕೂತೆ.

ನಮ್ಮ ಕಡೆ ಹುರುಳಿ ಕಿತ್ತ ಕಾಲದಲ್ಲಿ ಟಾರು ರಸ್ತೆಯೇ ಕಣ. ಬಳ್ಳಿಯನ್ನು ರಸ್ತೆಗೆ ಹಾಸಿಬಿಟ್ಟರೆ ಹೋಗಿ ಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಅದರ ಮೇಲೆ ಬ್ರೇಕು ಹಾಕಬಾರದು ಎನ್ನುವುದು ಸೈಕಲ್ ತುಳಿಯುವವರಿಗೂ ಗೊತ್ತು, ಅಡಿಯಲ್ಲಿ ಕಾಳು ಉರುಳುತ್ತಿರುತ್ತದೆ. ನಾಲೆಯ ಸೇತುವೆಗೆ ಇಳಿಯುವ ಕಡೆ ಹೀಗೆ ರಸ್ತೆಯ ಅಗಲಕ್ಕೂ ಹಾಸಿದ್ದರು. ನನಗೆ ದೂರದಿಂದಲೇ ಕಂಡಿತು. ಗೇರು ಹಾಕಿ ಎಂದೆ. ಬಾಯಿ ಮುಚ್ಚು ಎಂದ. ನ್ಯೂಟ್ರಲ್ಲಿನಲ್ಲಿ ಗಾಡಿ ಓಟ ಹೆಚ್ಚಿಸಿಕೊಂಡು ಇಳಿಯುತ್ತಲೇ ಇತ್ತು. ಹುರುಳಿಯ ಅಂಚಿನಲ್ಲಿ ಒಬ್ಬ ಅಜ್ಜಿ ಮೊರ ಹಿಡಿದು ಕೂತಿದ್ದಳು. ಅವಳನ್ನು ಕಂಡವನೇ ಬ್ರೇಕಿನ ಮೇಲೆ ನಿಂತ.

ಚಕ್ರ ನಿಂತವು, ಕಾರು ನಿಲ್ಲಲಿಲ್ಲ. ಬಳ್ಳಿಯ ಮೇಲೆ ಅಡ್ಡಡ್ಡ ಜಾರಿ, ಅಜ್ಜಿ ಎದ್ದು ಓಡಿದ ಜಾಗವನ್ನೇ ಹಾದು, ಮೊರವನ್ನು ಪುಡಿ ಮಾಡಿ, ರಸ್ತೆ ಬದಿಯ ಕಲ್ಲಿಗೆ ಗುದ್ದಿ ನಿಂತಿತು. ನನ್ನ ಪಕ್ಕದ ಲೈಟು ಒಡೆಯಿತು. ಇಳಿದು ನೋಡುತ್ತೇನೆ, ಅಜ್ಜಿಗೆ ಗೀರು ಗಾಯವೂ ಇಲ್ಲ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೇರ ಅವನ ಬಾಗಿಲಿಗೆ ಬಂದಳು.

“ಕಣ್ಣ ಮನೇಲ್ ಬುಟ್ಟು ಬಂದಿದ್ದೀಯೇನ್ಲಾ? ಮೀಸೆ ಬಂದ್ರೆ ಸಾಕಾ, ಬುದ್ಧಿ ಬ್ಯಾಡ್ವಾ?”

ಅವನು ಗಾಜು ಏರಿಸಿಕೊಂಡ. ಹುರುಳಿ ಒಕ್ಕುತ್ತಿದ್ದವರೇ ಬಂದು ಕಾರನ್ನು ಹಿಂದಕ್ಕೆ ತಳ್ಳಿ ಕಳಿಸಿದರು. ಮದ್ದೂರು ಮುಟ್ಟುವವರೆಗೂ ಅವನು ನ್ಯೂಟ್ರಲ್ಲಿಗೆ ಕೈ ಹಾಕಲಿಲ್ಲ. ಇನ್ನು ಕೀ ಕೊಡುವುದಿಲ್ಲ ಎನ್ನಲು ಇವನಿಗೆ ಬಾಯಿಲ್ಲ ಅಂದುಕೊಂಡು ನಾನು ಒಳಗೊಳಗೇ ಕುಣಿದೆ.

ಅತ್ತೆ ಮತ್ತು ಎದುರುಮನೆಯಾಕೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಒಡೆದ ಲೈಟು ನೋಡಿ ಅತ್ತೆ ಏನಾಯ್ತು ಎಂದರು. ಅವನು ಕಣ್ಣು ಮಿಟುಕಿಸದೆ ಹೇಳಿದ:

“ಇವ್ಳ ಕೈಗ್ ಕೊಟ್ಟೆ ಕಣವ್ವ. ತಂದ್ ಗುದ್ದುದ್ಲು.”

ಹೇಳಿದ್ದೆ ತಾನೇ, ಇವಳಿಗೆ ಕೊಡಬೇಡ ಅಂತ, ಎಂದು ಅತ್ತೆ ಶುರುಮಾಡಿದರು. ಅವನು ಚಪ್ಪಲಿ ಬಿಡುತ್ತಾ ಕಾಫಿ ಕೇಳಿದ. ಆ ಕ್ಷಣ ಅವನನ್ನು ನಾನು ದ್ವೇಷಿಸಿದೆ, ಅದಕ್ಕೆ ಬೇರೆ ನಯವಾದ ಪದ ಹುಡುಕುವುದಿಲ್ಲ. ಜಗಳಕ್ಕೆ ನಿಂತಿದ್ದರೆ ತಾಯಿ ಮಗ ಒಂದಾಗುತ್ತಿದ್ದರು. ಹೌದು, ನಾನೇ ಎಂದು ಒಪ್ಪಿಕೊಂಡು ಅವರೆಕಾಯಿಯ ಪಕ್ಕ ಕೂತೆ. ನಡೆದದ್ದನ್ನೆಲ್ಲ ನನ್ನ ಮೇಲೆ ಹಾಕಿಕೊಂಡು ಸಾವಕಾಶವಾಗಿ ಹೇಳಿದೆ. ಹೊಟ್ಟೆ ಬಿರಿಯ ಉಂಡು ತೂಕಡಿಸಿದ್ದು ನಾನು, ಗೇರು ಹಾಕಿ ಎಂದರೆ ಬಾಯಿ ಮುಚ್ಚು ಎಂದವಳು ನಾನು, ಹುರುಳಿಯ ಮೇಲೆ ಬ್ರೇಕು ಒತ್ತಿದ್ದು ನಾನು.

“ಆ ಅಜ್ಜಿ ನನ್ ಮುಖಾನೇ ನೋಡ್ಕೊಂಡು ಅಂದ್ಳು ಕಣತ್ತೆ, ಮೀಸೆ ಬಂದ್ರೆ ಸಾಕಾ, ಬುದ್ಧಿ ಬ್ಯಾಡ್ವಾ ಅಂತ.”

ಎದುರುಮನೆಯಾಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಮಗನ ಮೀಸೆಯನ್ನು ನೋಡಿದರು. ಅಷ್ಟಾದರೂ ಮಗನನ್ನು ಏನೂ ಅನ್ನಲಿಲ್ಲ. ನಾಲ್ಕು ಜನರ ಮುಂದೆ ಗಂಡನ ಮಾನ ತೆಗೆಯುವವಳು ಎಂಥ ಹೆಂಗಸು ಎಂದು ನನಗೇ ಬೈದರು. ಬೈಸಿಕೊಂಡೆ. ಅವತ್ತು ಆ ಬೈಗುಳ ಹಿತವಾಗಿತ್ತು.

ಮಾರನೆಯ ಬೆಳಿಗ್ಗೆ ಫ್ರಿಜ್ಜಿನ ಮೇಲಿದ್ದ ಕೀಯನ್ನು ನಾನೇ ತೆಗೆದುಕೊಂಡೆ. ಯಾರೂ ಕೊಡಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಅವನು ಟಿಫನ್ ಡಬ್ಬಿ ಹಿಡಿದು ಸ್ಟೇಷನ್ನಿಗೆ ನಡೆದುಕೊಂಡು ಹೋದ.

ಸೇತುವೆ ದಾಟಿ ಏರಿನ ಬುಡಕ್ಕೆ ಬಂದೆ. ಹುರುಳಿ ಇನ್ನೂ ಹಾಸಿಯೇ ಇತ್ತು, ಅಜ್ಜಿ ರಸ್ತೆಯ ಮಧ್ಯಕ್ಕೆ ಬಂದು ಕೋಲು ಎತ್ತಿದಳು. ನಾಲ್ಕರಿಂದ ಮೂರಕ್ಕೆ ಇಳಿಸಿದೆ, ಮೂರರಿಂದ ಎರಡಕ್ಕೆ. ಬಳ್ಳಿಯ ಅಂಚು ಬರುವಷ್ಟರಲ್ಲಿ ಗಾಡಿ ನಡಿಗೆಗೆ ಬಂದಿತ್ತು. ಬ್ರೇಕಿನ ಮೇಲೆ ಕಾಲು ಊರಿ ಕ್ಲಚ್ಚು ಒತ್ತಿದೆ, ನಿಂತಿತು. ಅಜ್ಜಿ ಒಡೆದ ಲೈಟಿನಿಂದ ಕಾರಿನ ಗುರುತು ಹಿಡಿದು ಕಿಟಕಿಯ ಹತ್ತಿರ ಬಂದಳು. ನಿನ್ನೆ ಓಡಿಸುತ್ತಿದ್ದವನು ನಿನ್ನ ಡ್ರೈವರಾ ಎಂದು ಕೇಳಿದಳು. ಹೂಂ ಎಂದೆ.

“ಅಂಥೋನ್ನ ಮಡಿಕಬ್ಯಾಡ ಕಣವ್ವ. ಕೆಲ್ಸದಿಂದ ತೆಗ್ದಾಕು.”

“ತೆಗೆದಾಯ್ತು ಅಜ್ಜಿ,” ಎಂದೆ.