ಉಪ್ಪು ನೋಡದ ಅಡುಗೆ

ಗುಜ್ಜೆ ಬೇಯುವ ವಾಸನೆ ಹಿಡಿದುಕೊಂಡು ಹೋಗಿ ನಾನು ಅವಳ ಬಾಗಿಲು ತಟ್ಟಿದ್ದು. ಡಚ್ಚರ ದೇಶದ ಆಮರ್ಸ್‌ಫೋರ್ಟಿನಲ್ಲಿ ನಮ್ಮದು ನಾಲ್ಕನೇ ಮಾಳಿಗೆ, ಒಂದೇ ಉದ್ದ ಜಗಲಿಗೆ ಎಂಟು ಬಾಗಿಲು. ಮಗಳು ಈ ದೇಶದವಳಾದ ಮೇಲೆ ನನಗೂ ಕಾಗದಪತ್ರ ಆಯಿತು. ಹೇಗೆ ಆಯಿತೆಂದು ಅವಳಿಗೇ ಗೊತ್ತು. ಬಂದ ಮೊದಲ ವರ್ಷ ಜಗಲಿಯಲ್ಲಿ ನಿಂತು ಕೆಳಗೆ ಹೋಗುವ ಸೈಕಲ್‌ಗಳನ್ನು ನೋಡುವುದು ಬಿಟ್ಟರೆ ನನಗೆ ಬೇರೆ ಕೆಲಸ ಇರಲಿಲ್ಲ. ಒಂದು ದಿನ ಪಕ್ಕದ ಮನೆಯಿಂದ ಗುಜ್ಜೆ, ಅಂದರೆ ಎಳೆ ಹಲಸು, ತೆಂಗಿನ ಹಾಲು, ತಾಳೆಬೆಲ್ಲ ಒಟ್ಟಿಗೆ ಬೇಯುವ ವಾಸನೆ ಬಂತು. ಮಂಗಳೂರು ಬಿಟ್ಟ ಮೇಲೆ ಮೂಗಿಗೆ ಬಿದ್ದ ಮೊದಲ ಒಳ್ಳೆಯ ವಾಸನೆ. ತಟ್ಟಿದೆ. ನನಗಿಂತ ಕುಳ್ಳಿ, ನನಗಿಂತ ಮುದುಕಿ ಒಬ್ಬಳು ಬಾಗಿಲು ತೆರೆದಳು. ನಾನು ಒಲೆಯ ಕಡೆ ಬೆರಳು ತೋರಿಸಿದೆ. ಅವಳು ಏನೂ ಕೇಳದೆ ಒಂದು ತಟ್ಟೆ ತಂದಳು.

ಅವಳು ಜಾವಾದವಳು, ಯೋಗ್ಯಕರ್ತ ಎಂಬ ಊರಿನವಳು. ಡಚ್ಚನೊಬ್ಬನನ್ನು ಮದುವೆಯಾಗಿ ಚಿಕ್ಕ ಪ್ರಾಯದಲ್ಲೇ ಇಲ್ಲಿಗೆ ಬಂದವಳು. ಮಕ್ಕಳಾಗಲಿಲ್ಲ. ಗಂಡನನ್ನು ಮಣ್ಣು ಮಾಡಿ ಒಬ್ಬಳೇ ಇದ್ದಳು. ನಾನು ಅಕ್ಕ ಎಂದು ಕರೆದೆ. ಅವಳ ಡಚ್ ನೆಟ್ಟಗಿತ್ತು, ನನ್ನದು ಕುಂಟು. ಅಡುಗೆಮನೆಗೆ ಅಷ್ಟು ಸಾಕು. ಅವಳು ಹೇಳಿದ್ದನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿದ್ದು.

ಏಳು ವರ್ಷ, ಗುರುವಾರ ಗುರುವಾರ ನಮ್ಮದು ಒಂದೇ ಪಾತ್ರೆ. ಒಂದು ವಾರ ನನ್ನ ಒಲೆ, ಒಂದು ವಾರ ಅವಳದ್ದು. ಅವಳು ಮಾಡುವ ಹಲಸಿಗೆ ಗುಡೆಗ್ ಎಂದು ಹೆಸರು. ಊರಿನಲ್ಲಿ ಬಣ್ಣಕ್ಕೆ ಸಾಗುವಾನಿ ಎಲೆ ಹಾಕುತ್ತಾರಂತೆ, ಇಲ್ಲಿ ಅವಳು ಚಹಾ ಎಲೆ ಹಾಕುತ್ತಿದ್ದಳು. ಅರ್ಧ ದಿನ ಬೇಯಬೇಕು. ಬೇಯುವಷ್ಟು ಹೊತ್ತೂ ಊರಿನ ಸುದ್ದಿ ಹೇಳುತ್ತಿದ್ದಳು. ಅವಳಪ್ಪ ಅಲ್ಲಿನ ಅರಮನೆಯಲ್ಲಿ ದೀಪ ಒರೆಸುವ ಕೆಲಸಕ್ಕಿದ್ದವರು. ಬೆಳಿಗ್ಗೆ ಅರಮನೆಯ ಗೋಡೆಯ ಬುಡದಲ್ಲಿ ಹೆಂಗಸರು ಸಾಲಾಗಿ ಕೂತು ಗುಡೆಗ್ ಮಾರುತ್ತಾರೆ. ಬರುವ ವರ್ಷ ಹೋಗುತ್ತೇನೆ, ಹೋಗುತ್ತೇನೆ ಎನ್ನುತ್ತಲೇ ಇದ್ದಳು. ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಲ್ಲಿಂದ ಅವಳನ್ನು ಆರೈಕೆ ಮನೆಗೆ ಹಾಕಿದರು. ಬಸ್ಸಿನಲ್ಲಿ ನಾಲ್ಕು ನಿಲ್ದಾಣ. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ.

ಅದರ ಬೆನ್ನಿಗೆ ಬಂದ ಬೇಸಿಗೆಯಲ್ಲಿ ಮಗಳು ರಜೆಗೆ ಬಾಲಿಗೆ ಹೋಗುವ ಅಂದಳು. ದಾರಿಯಲ್ಲಿ ಮೂರು ದಿನ ಅಕ್ಕನ ಊರಿಗೆ ಕರೆದುಕೊಂಡು ಹೋಗುವುದಾದರೆ ಬರುತ್ತೇನೆ ಎಂದೆ. ಅಕ್ಕನಿಗೆ ಹೇಳಿದಾಗ ಅವಳು ಹಾಸಿಗೆಯಲ್ಲಿ ಎದ್ದು ಕೂರಲು ನೋಡಿದಳು.

"ಅರಮನೆ ಗೋಡೆ ಹತ್ರ ಕೂತವಳ ಕೈಯಿಂದ ತಿನ್ನು. ಬಂದು ಹೇಳು. ಸುಳ್ಳು ಹೇಳ್ಬೇಡ."

"ನಾನು ಯಾವಾಗ ಹೇಳಿದ್ದು ಸುಳ್ಳು?"

"ಅದಕ್ಕೇ ನಿನ್ನತ್ರ ಹೇಳುದು. ಬೇರೆಯವ್ರು ಎಲ್ಲ ಚಂದ ಉಂಟು ಅಂತಾರೆ. ನನಗೆ ಚಂದ ಬೇಡ."

ಅರಮನೆ ಎಂದರೆ ಮೈಸೂರಿನ ಹಾಗೆ ಗೋಪುರ, ಮಾಳಿಗೆ ಎಂದು ನಾನು ಎಣಿಸಿದ್ದೆ. ಹಾಗಲ್ಲ. ತಗ್ಗು ಮಾಡಿನ ದೊಡ್ಡ ದೊಡ್ಡ ಚಾವಡಿಗಳು, ನಡುವೆ ಗುಡಿಸಿದ ಮರಳು. ನಮ್ಮ ಕಡೆಯ ಜಮೀನುದಾರರ ಗುತ್ತಿನ ಮನೆಯನ್ನು ಹತ್ತು ಪಾಲು ಹಿಗ್ಗಿಸಿದ ಹಾಗೆ. ಬೆನ್ನಿಗೆ ಕತ್ತಿ ಸಿಕ್ಕಿಸಿಕೊಂಡ ಬರಿಗಾಲಿನ ಮುದುಕರು ನೆರಳಿನಲ್ಲಿ ಕೂತಿದ್ದರು, ಒಬ್ಬ ತೂಕಡಿಸುತ್ತಿದ್ದ. ಅರಸ ಈಗಲೂ ಒಳಗೆ ಇದ್ದಾನಂತೆ. ಒಂದು ಚಾವಡಿಯಲ್ಲಿ ಕಂಚಿನ ಪಾತ್ರೆಗಳನ್ನು ಬೋರಲು ಹಾಕಿ ಬಡಿಯುತ್ತಿದ್ದರು. ತುಂಬ ನಿಧಾನ. ಹೆಣ ಕಾಯುವಾಗ ಹೊತ್ತು ಹೋಗುವ ಹಾಗೆ ಆ ಹಾಡು ಹೋಗುತ್ತಿತ್ತು. ನಾನು ತಲೆ ಎತ್ತಿ ಮಾಡು ನೋಡಿದೆ. ಗಾಜಿನ ದೀಪಗಳು ತೂಗುತ್ತಿದ್ದವು. ಧೂಳು ಹಿಡಿದಿತ್ತು. ಧೂಳಿತ್ತು ಎಂದು ಹೇಳಲಿಕ್ಕೆ ನೆನಪಿಟ್ಟುಕೊಂಡೆ.

ಸಂಜೆ ಅರಮನೆಯ ಹಿಂದಿನ ಬಯಲಿಗೆ ಹೋದೆವು. ಅಲ್ಲಿ ಎರಡು ಆಲದ ಮರಗಳಿವೆ. ಕಣ್ಣು ಕಟ್ಟಿಕೊಂಡು ಅವುಗಳ ನಡುವೆ ನೆಟ್ಟಗೆ ಹಾದುಹೋದರೆ ಮನಸ್ಸಿನಲ್ಲಿದ್ದದ್ದು ಆಗುತ್ತದಂತೆ. ಮಗಳು ಕಟ್ಟಿಕೊಂಡು ಹೊರಟವಳು ಜೋಳ ಸುಡುವವನ ಗಾಡಿಗೆ ಹೋಗಿ ಗುದ್ದಿದಳು.

"ಅಮ್ಮ, ನೀನೂ ಒಮ್ಮೆ ನಡಿ."

"ಕಣ್ಣು ಬಿಟ್ರೇ ನನಗೆ ಸರಿ ಕಾಣುದಿಲ್ಲ. ಇನ್ನು ಕಟ್ಟಿಕೊಂಡು ಯಾರ ಗಾಡಿಗೆ ಹೋಗ್ಲಿ?"

ಗಾಡಿಗಳು ಬೇಕಷ್ಟಿದ್ದವು. ಒಬ್ಬ ಬಿದಿರಿನ ತುಂಡಿನಲ್ಲಿ ಅಕ್ಕಿಹಿಟ್ಟು, ಒಳಗೆ ಬೆಲ್ಲ ತುಂಬಿ ಉಗಿಗೆ ಇಡುತ್ತಿದ್ದ. ಉಗಿ ಬಂದಾಗ ಅದೇ ಸೀಟಿ ಹೊಡೆಯುತ್ತದೆ, ಜನರನ್ನು ಅವನು ಕೂಗಬೇಕಾಗಿಯೇ ಇಲ್ಲ. ನಮ್ಮ ಪುಟ್ಟು ತಿಂಡಿಯೇ ಅದು. ಇನ್ನೊಬ್ಬನ ಹತ್ತಿರ ಬಾಳೆಲೆಯ ಸಣ್ಣ ಪೊಟ್ಟಣದಲ್ಲಿ ಒಂದು ಹಿಡಿ ಅನ್ನ, ಮೇಲೆ ಬೆರಳುದ್ದದ ಮೀನು. ಕಲ್ಲಿನ ಮೇಲೆ ಕೂತು ನಾಲ್ಕು ಪೊಟ್ಟಣ ತಿಂದೆ. ಅಕ್ಕ ಇಷ್ಟೆಲ್ಲ ಬಿಟ್ಟು ಬಟಾಟೆಯ ದೇಶಕ್ಕೆ ಯಾಕೆ ಬಂದಳೋ.

ಮರುದಿನ ಊರ ಹೊರಗಿನ ದೇವಸ್ಥಾನ. ಶಿವ, ವಿಷ್ಣು, ಬ್ರಹ್ಮ ಮೂವರಿಗೂ ಮುಗಿಲೆತ್ತರದ ಕಲ್ಲಿನ ಗುಡಿಗಳು. ಮೆಟ್ಟಿಲು ಕಡಿದಾಗಿತ್ತು, ಮಗಳು ಹಿಂದಿನಿಂದ ನೂಕಿದಳು. ಒಳಗೆ ಕತ್ತಲು. ಎಣ್ಣೆಯ ವಾಸನೆ ಇಲ್ಲ, ಹೂವಿಲ್ಲ, ಗಂಟೆ ಇಲ್ಲ. ಒಂದು ಕೋಣೆಯಲ್ಲಿ ಗಣಪತಿ ಇದ್ದ. ಚೀಲದಲ್ಲಿದ್ದ ಒಂದು ತುಂಡು ಬೆಲ್ಲ ಅವನ ಮುಂದೆ ಇಟ್ಟೆ. ಕಾವಲಿನವನು ಬಂದು ತೆಗೆಸಿದ. ಇರುವೆ ಬರುತ್ತದಂತೆ. ಊಟ ಕೊಡುವವರಿಲ್ಲದ ಮೇಲೆ ಎಷ್ಟು ದೊಡ್ಡ ಮನೆ ಇದ್ದು ಎಂತ ಮಾಡುವುದು ಎಂದುಕೊಂಡೆ. ಎದುರಿನ ಗುಡಿಯಲ್ಲಿ ನಂದಿ ಮಲಗಿತ್ತು. ಕೆಲಸ ಮುಗಿಸಿ ಬಂದು ಈಗಷ್ಟೇ ಮಲಗಿದ ಹಾಗೆ. ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಮೂರನೇ ಬೆಳಿಗ್ಗೆ ಅರಮನೆಯ ಗೋಡೆಯ ಹತ್ತಿರ ಹೋದೆವು. ಅಕ್ಕ ಹೇಳಿದ ಸಾಲು ಇರಲಿಲ್ಲ. ಮೋಟಾರು ಬೈಕುಗಳ ಸಾಲು ಇತ್ತು. ಅದರ ಕೊನೆಯಲ್ಲಿ ಒಬ್ಬಳೇ ಒಬ್ಬಳು ಮುದುಕಿ ಮಣೆಯ ಮೇಲೆ ಕೂತು, ಸುತ್ತ ಪಾತ್ರೆ ಇಟ್ಟುಕೊಂಡಿದ್ದಳು. ಬಾಳೆಲೆಗೆ ಅನ್ನ ಹಾಕಿದಳು, ಕಪ್ಪಗಿನ ಹಲಸು ಹಾಕಿದಳು, ಮೊಟ್ಟೆ ಇಟ್ಟಳು. ಆಮೇಲೆ ಇನ್ನೊಂದು ಪಾತ್ರೆಯಿಂದ ಕೆಂಪಗಿನ, ಮೆತ್ತಗಿನ ಏನನ್ನೋ ಸೌಟಿನಲ್ಲಿ ಎತ್ತಿದಳು. ಅಕ್ಕನ ಮನೆಯಲ್ಲಿ ನಾನು ಅದನ್ನು ಕಂಡದ್ದಿಲ್ಲ.

"ಅದೆಂತದು ಕೇಳು" ಎಂದೆ ಮಗಳಿಗೆ.

ಮಗಳು ಫೋನಿನಲ್ಲಿ ಕೇಳಿಸಿದಳು. ಮುದುಕಿ ತನ್ನ ತೋಳಿನ ಚರ್ಮ ಚಿವುಟಿ ತೋರಿಸಿದಳು. ಆಮೇಲೆ ತಲೆಯ ಎರಡೂ ಕಡೆ ಬೆರಳು ಎತ್ತಿ ಕೊಂಬು ಮಾಡಿದಳು. ನಾನು ಎಲೆ ಹಿಂದೆಳೆದುಕೊಂಡೆ. ಮುದುಕಿ ಏನೋ ಗೊಣಗಿದಳು.

"ಎಂತ ಹೇಳಿದ್ಲು?"

"ಇದಿಲ್ಲದೆ ತಿಂದ್ರೆ ಅದು ಗುಡೆಗ್ ಅಲ್ವಂತೆ ಅಮ್ಮ. ಅರ್ಧ ಮಾತ್ರ ಅಂತೆ. ಹಲಸು ಸಿಹಿ, ಇದು ಖಾರ. ಎರಡೂ ಸೇರ್ಬೇಕಂತೆ."

ಹಲಸು ಮಾತ್ರ ತಿಂದೆ. ಚೆನ್ನಾಗಿತ್ತು. ಆದರೆ ಏಳು ವರ್ಷದ ಗುರುವಾರಗಳನ್ನು ಎಣಿಸಿಕೊಂಡೇ ತಿಂದೆ.

ವಾಪಸು ಬಂದ ಮರುದಿನವೇ ಆರೈಕೆ ಮನೆಗೆ ಹೋದೆ. ಅಕ್ಕ ಇಳಿದುಹೋಗಿದ್ದಳು, ಕೈಯ ನರಗಳು ಮೇಲೆ ಬಂದಿದ್ದವು. ನಾನು ಕೂರುವ ಮೊದಲೇ ಕೇಳಿದಳು.

"ದೀಪ?"

"ಉಂಟು. ಧೂಳು. ಬೆರಳಲ್ಲಿ ಹೆಸರು ಬರೀಬಹುದು."

"ಅಪ್ಪ ಇದ್ದಿದ್ರೆ ಬೈತಿದ್ರು. ಹೆಂಗಸ್ರು?"

"ಒಬ್ಬಳು. ಬಾಕಿ ಬೈಕು."

"ತಿಂದ್ಯಾ?"

"ಅರ್ಧ ತಿಂದೆ. ಇನ್ನರ್ಧ ಉಂಟು ಅಂತ ನೀನು ಏಳು ವರ್ಷ ಹೇಳ್ಲೇ ಇಲ್ಲ."

ಅವಳು ನಕ್ಕಳು. ನಕ್ಕರೆ ಸೊಂಟ ನೋಯುತ್ತಿತ್ತು, ಆದರೂ ನಕ್ಕಳು. "ದನದ್ದು ಮಾರಾಯ್ತಿ. ಬಡಿಸಿದ್ರೆ ನೀನು ಮತ್ತೆ ನನ್ನ ಬಾಗ್ಲಿಗೆ ಬರ್ತಿದ್ಯಾ?"

"ಇಲ್ಲ."

"ಮತ್ತೆ?"

"ನಿನಗೆ ಬೇರೆ ಮಾಡಿಕೊಳ್ಬಹುದಿತ್ತಲ್ಲ."

"ಒಬ್ಬಳಿಗೆ ಮಾಡಿದ್ದು ಇಳಿಯುದಿಲ್ಲ. ಗಂಡ ಇದ್ದಷ್ಟು ವರ್ಷ ಬಟಾಟೆ ಬೇಯಿಸಿದೆ. ಸಾರಿಗೆ ಬೆಲ್ಲ ಹಾಕಿದ್ರೆ ಮುಟ್ಟುವವನಲ್ಲ ಅವ. ಆಮೇಲೆ ನೀನು ಬಂದೆ, ಅರ್ಧ ಸಿಕ್ತು. ಅರ್ಧ ಕಡಿಮೆಯಾ?"

ಆಮೇಲಿನ ವಾರಗಳಲ್ಲಿ ಅವಳು ಉಣ್ಣುವುದು ಬಿಟ್ಟಳು. ಸೇಬು ಅರೆದದ್ದು, ಬಟಾಟೆ ಅರೆದದ್ದು ತಟ್ಟೆಯಲ್ಲಿ ಹಾಗೆಯೇ ಆರುತ್ತಿತ್ತು. ನಾನು ಗಂಜಿ ಕೊಂಡುಹೋದೆ, ಮುಖ ತಿರುಗಿಸಿದಳು. ಅಲ್ಲಿನ ದಾದಿ ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ, ಏನು ಕೇಳುತ್ತಾಳೋ ತಂದು ಕೊಡಿ ಎಂದಳು. ಒಳಗೆ ಬಂದು ಕೇಳಿದೆ.

"ನಿನ್ನಿಂದ ಆಗುವಂಥದ್ದಲ್ಲ" ಎಂದಳು.

"ಹೇಳು."

"ಗುಡೆಗ್. ಪೂರ್ತಿ."

ಪೇಟೆಯಲ್ಲಿ ಇಂಡೋನೇಷ್ಯಾ ಸಾಮಾನಿನ ಅಂಗಡಿ ಇದೆ, ಟೋಕೊ ಎನ್ನುತ್ತಾರೆ. ಅಂಗಡಿಯವನು ಡಬ್ಬಿಯಲ್ಲಿ ಸಿದ್ಧವಾದದ್ದು ತೋರಿಸಿದ. ಸಾಯುವವಳಿಗೆ ಡಬ್ಬಿಯದ್ದು ಬೇಡ ಎಂದು ಹೇಳಿ, ಒಣಗಿಸಿದ ಆ ಚರ್ಮದ ಪೊಟ್ಟಣ ತೆಗೆದುಕೊಂಡೆ. ಹೇಗೆ ಮಾಡುವುದೆಂದು ಅವನ ಹೆಂಡತಿ ಹೇಳಿಕೊಟ್ಟಳು. ನೆನೆಸಬೇಕು, ಅಲಸಂಡೆ ಕಾಳಿನ ಜೊತೆ ಮೆಣಸು, ತೆಂಗಿನ ಹಾಲಿನಲ್ಲಿ ಬೇಯಿಸಬೇಕು.

ಮಗಳು ಪೊಟ್ಟಣ ನೋಡಿ ಬೊಬ್ಬೆ ಹಾಕಿದಳು.

"ಅಮ್ಮ, ನಿಂಗೆ ಮರ್ಲಾ? ದೇವ್ರ ಫೋಟೋ ಇರುವ ಅಡುಗೆಮನೆ ಇದು!"

"ನೀನು ಆಫೀಸಿನ ಕ್ಯಾಂಟೀನಲ್ಲಿ ಎಂತ ತಿಂತಿ ಅಂತ ನನಗೆ ಗೊತ್ತಿಲ್ಲ ಅಂತ ಎಣಿಸಿದ್ದೀಯಾ?"

ಅವಳು ಕೆಂಪಾಗಿ ಒಳಗೆ ಹೋದಳು. ನಾನು ದೇವರ ಗೂಡಿನ ಬಾಗಿಲು ಹಾಕಿ ಒಲೆ ಹಚ್ಚಿದೆ. ನೆನೆದ ಚರ್ಮ ಕೈಗೆ ಜಾರುತ್ತಿತ್ತು, ತಣ್ಣಗೆ. ಕೊಯ್ಯುವಾಗ ಒಮ್ಮೆ ಕೈ ನಿಂತಿತು. ಮತ್ತೆ ಕೊಯ್ದೆ.

ಹಲಸು ನನಗೆ ಗೊತ್ತಿದ್ದ ಅಡುಗೆ. ಅದರ ಉಪ್ಪು, ಬೆಲ್ಲ ನೋಡಿದೆ. ಇನ್ನೊಂದು ಪಾತ್ರೆಯದ್ದನ್ನು ನೋಡಲಿಲ್ಲ. ನಮ್ಮಲ್ಲಿ ಸತ್ತ ಹಿರಿಯರಿಗೆ, ದೈವಕ್ಕೆ ಅಗೆಲು ಎಂದು ಎಡೆ ಬಡಿಸುವಾಗ ಕೋಳಿ ಪದಾರ್ಥದ ಉಪ್ಪು ಯಾರೂ ನೋಡುವಂತಿಲ್ಲ, ಮೊದಲ ತುತ್ತು ಅವರದ್ದು. ಮದುವೆಯಾಗಿ ಬಂದಂದಿನಿಂದ ಅಗೆಲಿನ ಅಡುಗೆ ನನ್ನದೇ. ಕೈ ಅಂದಾಜಿನಲ್ಲಿ ಹಾಕಿದ್ದು, ಒಂದು ಸಲವೂ ತಪ್ಪಿದ್ದಿಲ್ಲ. ಇದೂ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳಿಗೆ ಒಂದು ಚಮಚ ಕೊಟ್ಟು ಉಪ್ಪು ನೋಡು ಎನ್ನಬಹುದಿತ್ತು. ಆಗಷ್ಟೇ ಹಂಗಿಸಿದ್ದೆ, ಬಾಯಿ ಬರಲಿಲ್ಲ.

ಎರಡು ಡಬ್ಬಿ ಬಟ್ಟೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ದಾದಿ ಅಕ್ಕನಿಗೆ ಬೆನ್ನ ಹಿಂದೆ ದಿಂಬು ಕೊಟ್ಟು ಕೂರಿಸಿದಳು. ಮುಚ್ಚಳ ತೆಗೆದಾಗ ಅಕ್ಕನ ಮೂಗು ಅರಳಿತು, ಅದನ್ನು ನಾನು ನೋಡಿದೆ. ಸಣ್ಣಗೆ ಹಿಸುಕಿ ಎರಡನ್ನೂ ಸೇರಿಸಿ ಬಾಯಿಗೆ ಇಟ್ಟೆ. ತುಂಬ ಹೊತ್ತು ಬಾಯಿಯಲ್ಲಿ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ನುಂಗಿದಳು. ಕಣ್ಣು ಬಿಟ್ಟಾಗ ನನಗೆ ಗೊತ್ತಾಯಿತು.

"ಹಲಸು ಸರಿ ಉಂಟು" ಎಂದಳು. "ಇದ್ರಲ್ಲಿ ಎಂತದೋ ಇಲ್ಲ."

"ಎಂತ ಇಲ್ಲ?"

"ಗೊತ್ತಾಗುದಿಲ್ಲ. ನನ್ನ ನಾಲಿಗೆ ಹೋಗಿದೆ. ನೀನು ನೋಡು, ನಿನಗೆ ಗೊತ್ತಾಗ್ತದೆ. ನಾಳೆ ಸರಿ ಮಾಡಿಕೊಂಡು ಬಾ."

ಚಮಚ ತೆಗೆದು ನನ್ನ ಕಡೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ.

"ಮಾಡುವಾಗ್ಲೂ ನೋಡ್ಲಿಲ್ವಾ?"

"ಇಲ್ಲ."

ಕೈ ಇಳಿಸಿದಳು. ಸಿಟ್ಟಾಗಲಿಲ್ಲ. "ಇರ್ಲಿ. ಮುಚ್ಚಿಡು" ಎಂದಳು. ಮತ್ತೆ ಮಳೆ ಬರುತ್ತದಾ, ಬಸ್ಸು ಎಷ್ಟು ಹೊತ್ತಿಗೆ ಎಂದು ಬೇರೆ ಮಾತಾಡಿದಳು. ನಾಳೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಗೆ ಬಂದು ಉಳಿದದ್ದನ್ನು ಕಸಕ್ಕೆ ಹಾಕಿದೆ. ಆಗಲಾದರೂ ನೋಡಿದೆನಾ ಎಂದರೆ ಇಲ್ಲ.

ಒಂಬತ್ತನೇ ದಿನ ಅವಳು ಹೋದಳು. ಅದರ ನಡುವೆ ನಾನು ನಾಲ್ಕು ಸಲ ಹೋಗಿದ್ದೆ, ಬರಿಗೈಯಲ್ಲಿ. ಅವಳು ಏನೂ ಕೇಳಲಿಲ್ಲ. ನೀರು ಮಾತ್ರ ಕುಡಿಯುತ್ತಿದ್ದಳು. ಮಣ್ಣಿಗೆ ಏಳೆಂಟು ಜನ ಬಂದಿದ್ದರು. ಕಾಫಿ ಕೊಟ್ಟರು, ಒಂದೊಂದು ತುಂಡು ಕೇಕ್ ಕೊಟ್ಟರು. ಯಾರೋ ನನ್ನ ಕೈ ಹಿಡಿದು ನೀವು ಅವಳಿಗೆ ತುಂಬ ಮಾಡಿದಿರಂತೆ ಎಂದರು. ನಾನು ಹೌದು ಎನ್ನಲಿಲ್ಲ.

ಒಂದು ತೊಟ್ಟು ನಾಲಿಗೆಗೆ ತಾಗಿಸಿ ಉಗುಳಿ ಬಾಯಿ ಮುಕ್ಕಳಿಸಿದ್ದರೆ ಮುಗಿಯುತ್ತಿತ್ತು. ಕೈಯಲ್ಲಿ ಮುಟ್ಟಿದ್ದೆ, ಕೊಯ್ದಿದ್ದೆ, ನನ್ನ ಒಲೆಯ ಮೇಲೆ ಬೇಯಿಸಿದ್ದೆ. ಅಷ್ಟು ಮಾಡಿದ ಮೇಲೆ ಇನ್ನು ಯಾವ ಶುದ್ಧ ಉಳಿದಿತ್ತು ಎಂದು ನನಗೇ ಗೊತ್ತಿಲ್ಲ. ಅಗೆಲಿನ ನೆಪ ಹೇಳಿಕೊಂಡದ್ದು ಸುಳ್ಳು. ಅದು ಸತ್ತವರ ಅಡುಗೆ, ಅವಳು ಬದುಕಿದ್ದಳು.

ಮೊನ್ನೆ ಊಟಕ್ಕೆ ಕೂತಾಗ ಮಗಳು ತಾನಾಗಿಯೇ ಆ ಮಾತು ತೆಗೆದಳು.

"ಅಮ್ಮ, ನೀನು ಅದನ್ನು ಮಾಡಿ ಕೊಟ್ಟದ್ದೇ ದೊಡ್ಡದು. ನಮ್ಮ ಕಡೆ ಯಾರು ಮಾಡ್ತಿದ್ರು ಹೇಳು?"

"ದೊಡ್ಡದು ಎಂತದು" ಎಂದೆ. "ಉಪ್ಪು ಕಡಿಮೆಯಾದದ್ದಾ, ಖಾರ ಕಡಿಮೆಯಾದದ್ದಾ, ಅದು ಕೂಡ ನನಗೆ ಗೊತ್ತಿಲ್ಲ."

ಇಬ್ಬರೂ ಉಂಡು ಎದ್ದೆವು.