ಪಕ್ಕದ ಸೀಟಿನ ಬ್ರೇಕು

ತಿಪಟೂರಿನ ಡ್ರೈವಿಂಗ್ ಸ್ಕೂಲೊಂದರಲ್ಲಿ ನಾನು ಕಾರು ಕಲಿಸಲು ಸೇರಿ ಎಂಟು ವರ್ಷವಾಗಿತ್ತು. ಸ್ಕೂಲಿನ ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹಿಂದೆ ಕೊಬ್ಬರಿ ಲಾರಿ ಓಡಿಸಿದವರು, ಅರವತ್ತು ದಾಟಿದವರು. ನನಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದವರೂ ಅವರೇ. ಕಲಿಯಲು ಬರುವ ಹೆಂಗಸರು ಹೇಳಿಕೊಡೋಕೂ ಹೆಂಗಸೇ ಬೇಕು ಎನ್ನತೊಡಗಿದಾಗ, ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ನನ್ನನ್ನು ಕರೆಸಿ, ಬೇಕಾದ ಕಾಗದಪತ್ರ ಮಾಡಿಸಿ, ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿದರು.

ಮೊಬೈಲಿನ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಇಂಗ್ಲಿಷ್ ಸುತ್ತೋಲೆಯ ತಂಟೆಗೆ ಅವರು ಹೋಗುತ್ತಲೇ ಇರಲಿಲ್ಲ. ಹಾಗಾಗಿ ಬೆಳಗಿನ ಮೊದಲ ಪಾಠಕ್ಕೆ ಮುಂಚೆ, ಡ್ರೈವಿಂಗ್ ಸ್ಕೂಲಿನವರ ವಾಟ್ಸಾಪ್ ಗುಂಪಿಗೆ ಬಂದದ್ದನ್ನೆಲ್ಲ ಓದಿ ಹೇಳುವುದು ನನ್ನ ಕೆಲಸ. ಯಾವ ಫಾರಂ ಬದಲಾಯಿತು, ಯಾವುದನ್ನು ಆನ್‌ಲೈನಿನಲ್ಲೇ ಹಾಕಬೇಕು, ಇಂಥವು.

ಒಂದು ಸೋಮವಾರ ಗುಂಪಿನ ತುಂಬ ಒಂದೇ ಸುದ್ದಿ. ಇನ್ನು ಮೇಲೆ ಆರ್‌ಟಿಒ ಟೆಸ್ಟ್ ಇಲ್ಲ, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಇದ್ದರೆ ಲೈಸೆನ್ಸ್ ಸಿಗುತ್ತದೆ.

"ನಿಜವೇನಮ್ಮ?" ಎಂದರು ಮೇಷ್ಟ್ರು.

"ನಿಜಾನೇ ಇರ್ಬೇಕು ಮೇಷ್ಟ್ರೇ, ಎಲ್ರೂ ಹಾಕವ್ರೆ" ಎಂದೆ. ಮೂಲ ಆದೇಶ ಹುಡುಕಿ ನೋಡುವ ತಾಳ್ಮೆ ನನಗಿರಲಿಲ್ಲ. ಮೇಷ್ಟ್ರು ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಫೋನು ಕೆಳಗಿಡುವ ಹಾಗಿರಲಿಲ್ಲ.

ಮಾರನೆಯ ದಿನ ಹೊನ್ನವಳ್ಳಿ ಕಡೆಯಿಂದ ಒಬ್ಬ ಹಿರಿಯರು ಸೊಸೆಯನ್ನು ಕರೆದುಕೊಂಡು ಬಂದರು. ಆಕೆ ನನ್ನ ಹತ್ತಿರ ಕಲಿಯಲು ಶುರು ಮಾಡಿ ಇನ್ನೂ ಒಂದು ವಾರ.

"ಟೆಸ್ಟ್ ಇಲ್ವಂತಲ್ಲ ಕಣಮ್ಮ. ನಮ್ ಸೊಸೆಗೆ ಒಂದು ಸರ್ಟಿಫಿಕೇಟ್ ಬರ್ಕೊಟ್ಬುಡಿ" ಎಂದರು. ಅವರ ಹೆಂಡತಿಗೆ ಲಕ್ವ ಹೊಡೆದಿತ್ತು. ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ಸಲ ತಿಪಟೂರಿನ ಆಸ್ಪತ್ರೆಗೆ ಕರೆತರಬೇಕು. "ಕಾರು ಮನೆ ಮುಂದೆ ನಿಂತೈತೆ. ನಂಗೆ ಕಣ್ಣು ಮಂಜು. ಮಗ ಡ್ಯೂಟಿ ಬಿಟ್ಟು ಬರಕಾಗಲ್ಲ. ಅವಳನ್ನ ಎತ್ತಿ ಬಸ್ಸಿಗೆ ಹತ್ಸದು ಹೆಂಗೆ ಹೇಳಿ?"

ಸೊಸೆ ಹಿಂದಿನಿಂದ ಮೆಲ್ಲಗೆ, "ಮಾವ, ನಂಗಿನ್ನೂ ಗೇರೇ ಸರಿಯಾಗಿ ಬೀಳಲ್ಲ" ಎಂದಳು.

ಆ ಮಾತು ನನಗೆ ಚುರುಕ್ಕೆಂದಿತು. ನಾಳೆ ಬನ್ನಿ ಎಂದು ಅವರನ್ನು ಕಳಿಸಿ, ಮೂಲ ಆದೇಶ ಹುಡುಕಿ ಸಾಲು ಸಾಲಾಗಿ ಓದಿದೆ. ಆ ಸೌಲಭ್ಯ ಸ್ವಂತ ಜಾಗ, ಟ್ರ್ಯಾಕು, ಯಂತ್ರಗಳಿರುವ ದೊಡ್ಡ ತರಬೇತಿ ಕೇಂದ್ರಗಳಿಗೆ ಮಾತ್ರ. ಎರಡು ಕಾರು, ಒಂದು ಮಳಿಗೆಯ ನಮ್ಮಂಥವರಿಗಲ್ಲ. ಅದೇ ದಿನ ಗುಂಪಿಗೆ ಇನ್ನೊಂದು ಸೂಚನೆಯೂ ಬಂದಿತ್ತು. ನಮ್ಮವರ ಟೆಸ್ಟು ಇನ್ನು ಮುಂದೆ, ಗೆರೆ ಮುಟ್ಟಿದರೆ ಯಂತ್ರವೇ ತಪ್ಪು ಹಿಡಿಯುವ ಸೆನ್ಸರ್ ಟ್ರ್ಯಾಕಿನಲ್ಲಿ. ಕಾರಿನಲ್ಲಿ ಅಭ್ಯರ್ಥಿ ಒಬ್ಬರೇ ಇರಬೇಕು, ಕಲಿಸುವವರು ಕೂರುವಂತಿಲ್ಲ.

ಇದನ್ನು ಓದಿ ಹೇಳಿದಾಗ ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.

"ಅಲ್ಲೀಗಂಟ ನನ್ ಕಾಲು ಬರಲ್ಲ ಬುಡು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಟೆಸ್ಟಿನ ದಿನ ತಾವು ಪಕ್ಕದಲ್ಲಿ ಕೂತು, ಗಾಡಿ ಆಫ್ ಆಗುವ ಹೊತ್ತಿಗೆ ಮೆಲ್ಲಗೆ ಅದುಮುತ್ತಿದ್ದರಂತೆ. ಹೊರಗೆ ನಿಂತು ನೋಡುವವರಿಗೆ ಅದು ಕಾಣುತ್ತಿರಲಿಲ್ಲ.

"ಎಲ್ರಿಗೂನಾ ಮೇಷ್ಟ್ರೇ?"

"ಭಯ ಬೀಳೋರಿಗೆ."

"ನಂಗೂನಾ?"

ಅವರು ರಸ್ತೆಯ ಕಡೆ ನೋಡಿದರು. "ನೀನು ಶಾನೆ ಭಯ ಬಿದ್ದಿದ್ದೆ ಕಣವ್ವ."

ಮೊದಲನೇ ಸಲಕ್ಕೇ ಪಾಸಾದವಳು ನಾನು ಎಂದು ಎಷ್ಟು ಹೆಂಗಸರ ಮುಂದೆ ಹೇಳಿಕೊಂಡಿದ್ದೆನೋ. ಮೇಷ್ಟ್ರ ಮೇಲೆ ಸಿಟ್ಟು ಬಂತು. ಹಾಗೆ ಮಾಡಿರದಿದ್ದರೆ ನಾನು ಹೊಲಿಗೆ ಮೆಷಿನ್ ಬಿಟ್ಟು ಏಳುತ್ತಲೇ ಇರಲಿಲ್ಲ ಎಂಬುದೂ ಗೊತ್ತಿತ್ತು. ಎರಡೂ ಒಟ್ಟಿಗೇ ಎದೆಯಲ್ಲಿ ಕೂತವು.

ಕೆಲವು ವಾರ ಕಳೆದ ಮೇಲೆ ಹೊಸ ಟ್ರ್ಯಾಕನ್ನು ನೋಡಲು ಕಲಿಸುವವರನ್ನೆಲ್ಲ ಕರೆದಿದ್ದರು. ಇಷ್ಟವಿದ್ದವರು ಓಡಿಸಿ ನೋಡಬಹುದಿತ್ತು. ನಾನೇ ಮೊದಲು ಕೈ ಎತ್ತಿದೆ. ಎಂಟರ ಆಕಾರ ಸುತ್ತಿದೆ, ಹಿಂದಕ್ಕೂ ತೆಗೆದುಕೊಂಡೆ. ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಹೊರಡಬೇಕಾದಾಗ ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಎಲ್ಲಿಂದಲೋ ಬೀಪ್ ಎಂದಿತು. ಫೇಲ್.

ನನ್ನ ನಂತರ ಮೇಷ್ಟ್ರು ಸ್ಟಿಯರಿಂಗ್ ಹಿಡಿದರು. ಅವರು ದಿಬ್ಬದಲ್ಲಿ ಕೂದಲೆಳೆಯಷ್ಟೂ ಜಾರಲಿಲ್ಲ. ಆದರೆ ತಿರುವು ಬಂದಾಗಲೆಲ್ಲ ಬಲಗೈ ಕಿಟಕಿಯಿಂದ ಹೊರಗೆ ಬರುತ್ತಿತ್ತು, ಲಾರಿ ಕಾಲದ ಅಭ್ಯಾಸ. ಪರದೆಯ ಮುಂದೆ ಕೂತಿದ್ದ ಅಧಿಕಾರಿ, "ಇಂಡಿಕೇಟರ್ ಎಲ್ಲಿ ಸ್ವಾಮಿ?" ಎಂದು ಕೇಳಿದರು. ಮೇಷ್ಟ್ರೂ ಫೇಲ್.

ವಾಪಸು ಬರುವಾಗ ಇಬ್ಬರಲ್ಲಿ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಕಾರು ಪಕ್ಕಕ್ಕೆ ನಿಲ್ಲಿಸಿ ನಗಬೇಕಾಯಿತು.

"ಇನ್ನೊಂದ್ಸಲ ಮೊದ್ಲಿಂದ ಕಲಿಯನ" ಎಂದರು ಅವರು.

ಟ್ರ್ಯಾಕಿನ ಅಗಲ ಉದ್ದವನ್ನು ನಾನು ಬರೆದುಕೊಂಡು ಬಂದಿದ್ದೆ. ಊರಾಚೆ ಪರಿಚಯದವರ ಖಾಲಿ ಜಾಗದಲ್ಲಿ ಹಗ್ಗ ಹಿಡಿದು ಅಳೆದು, ಗೆರೆಯ ಬದಲು ತೆಂಗಿನ ಸಿಪ್ಪೆ ಜೋಡಿಸಿದೆವು. ಸಿಪ್ಪೆ ಚಕ್ರಕ್ಕೆ ಸಿಕ್ಕರೆ ಗೆರೆ ಮುಟ್ಟಿದಂತೆ. ದಿಬ್ಬದ ಬದಲಿಗೆ ಪಕ್ಕದ ಕೆರೆ ಏರಿ ಹತ್ತುವ ದಾರಿ ಇತ್ತು. ರಸ್ತೆಯಲ್ಲಿ ಪಕ್ಕದ ಬ್ರೇಕು ಬೇಕೇ ಬೇಕು. ಆದರೆ ಆ ಬಯಲಿಗೆ ಇಳಿದ ಕೂಡಲೇ ಮೇಷ್ಟ್ರು ಚಪ್ಪಲಿ ಬಿಟ್ಟು, ಎರಡೂ ಕಾಲು ಮಡಚಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದರು. ಕೆಳಗೆ ಬಿಟ್ಟರೆ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ ಎನ್ನುತ್ತಿದ್ದರು. ನಾನು ದಿನಾ ದಿಬ್ಬದಲ್ಲಿ ನಿಲ್ಲಿಸಿ ಹೊರಡುವುದನ್ನು ಕಲಿತೆ. ಕಲಿಯುವವರೆದುರೇ ಕಲಿತೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ನೋಡಿದರೆ, ನಾನು ಜಾರಿದ್ದನ್ನು ಕಂಡ ಹೆಂಗಸರು ತಾವು ಜಾರಿದಾಗ ಅಳುವುದನ್ನು ಬಿಟ್ಟಿದ್ದರು.

ಹೊನ್ನವಳ್ಳಿ ಕಡೆಯ ಆ ಹಿರಿಯರು ಮಾರನೆಯ ದಿನ ಬಂದಾಗಲೇ ಅವರಲ್ಲಿ ನಾನು ತಪ್ಪು ಸುದ್ದಿ ಹಬ್ಬಿಸಿದ್ದಕ್ಕೆ ಕ್ಷಮೆ ಕೇಳಿದ್ದೆ. ಅವರು ಮುಖ ಬಿಗಿದುಕೊಂಡು ಹೋಗಿದ್ದರು. ಸೊಸೆ ಮಾತ್ರ ಒಂದು ದಿನವೂ ಪಾಠ ತಪ್ಪಿಸಲಿಲ್ಲ. ಮೊದಲ ಟೆಸ್ಟಿನಲ್ಲಿ ಹಿಂದಕ್ಕೆ ತೆಗೆಯುವಾಗ ಗೆರೆ ಮುಟ್ಟಿ ಫೇಲಾದಳು. ಎರಡನೇ ಸಲ ಕಾರಿನಲ್ಲಿ ಒಬ್ಬಳೇ ಕೂತು ಪಾಸಾಗಿ ಬಂದಳು.

ಲೈಸೆನ್ಸ್ ಕೈಗೆ ಬಂದ ವಾರ ಅವರ ಕಾರು ನಮ್ಮ ಸ್ಕೂಲಿನ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅತ್ತೆ ದಿಂಬಿಗೊರಗಿ ಕೂತಿದ್ದರು. ಮುಂದಿನ ಸೀಟಿನಲ್ಲಿ ಮಾವ, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು.

"ಭಯ ಆಯ್ತಾ ಯಜಮಾನ್ರೇ?" ಎಂದರು ಮೇಷ್ಟ್ರು.

"ಮೊದ್ಲು ಆಯ್ತು ಕಣ್ರೀ" ಎಂದರು ಅವರು. "ಊರು ದಾಟಿದ್ಮೇಲೆ ಇವ್ಳು ಅತ್ತೆ ಜೊತೆ ಮಾತಾಡ್ಕಂಡು ಓಡಿಸ್ತಾ ಇದ್ಲು. ಆಗ ಸುಮ್ಕಾದೆ."

ಆಸ್ಪತ್ರೆಗೆ ಹೊತ್ತಾಗುತ್ತದೆ ಎಂದು ಸೊಸೆ ಕಾರು ಹೊರಡಿಸಿದಳು. ಬಸ್ಸೊಂದು ಹೋಗುವವರೆಗೆ ಕಾದು, ರಸ್ತೆಗಿಳಿದಳು.