ಗೊತ್ತಿಲ್ಲ ಪಾಸ್ಟರ್

"ಅಮ್ಮಾ, ಪಾಸ್ಟರ್ ತಾತಂಗೆ ಏನೂ ಗೊತ್ತಿಲ್ವಂತೆ, ನಿಜಾನಾ?"

ಸ್ಕೂಲ್ ಬ್ಯಾಗ್ ಇಳಿಸುವ ಮೊದಲೇ ಸಹನ ಕೇಳಿದಳು. ಆಟೋದಲ್ಲಿ ಬರುವ ಮಕ್ಕಳೆಲ್ಲ ಯಾವುದೋ ರೀಲ್ ನೋಡಿ ಹಾಡುತ್ತಿದ್ದಾರಂತೆ. ಇವಳೂ ಸೊಂಟ ಕುಣಿಸಿ ಹಾಡಿ ತೋರಿಸಿದಳು: "ಗೊತ್ತಿಲ್ಲ, ಗೊತ್ತಿಲ್ಲ, ನನಗೂ ಗೊತ್ತಿಲ್ಲ." ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಪಾಸ್ಟರ್ ಆ ಮಾತು ಆಡಿದಾಗ ಎದುರಿಗೆ ಫೋನ್ ಹಿಡಿದು ನಿಂತವಳು ನಾನೇ.

"ಅವರನ್ನೇ ಹೋಗಿ ಕೇಳು" ಅಂದೆ. ಕಾಂಪೌಂಡ್ ಆಚೆಯೇ ಅವರ ಮನೆ. ಓಡಿದಳು.

"ತಾತಾ, ನಿಮಗೆ ಏನೂ ಗೊತ್ತಿಲ್ವಾ?"

"ಹನ್ನೆರಡರ ಮಗ್ಗಿ ತನಕ ಗೊತ್ತಮ್ಮಾ. ಹದಿಮೂರರದ್ದು ಕೇಳ್ಬೇಡ."

ಪಾಸ್ಟರ್ ಸತ್ಯನೇಸನ್ ಹುಟ್ಟಿದ್ದು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ. ಈಗ ಊರಿಗಾಂನಲ್ಲಿ ಚಿಕ್ಕದೊಂದು ಚರ್ಚು ನೋಡಿಕೊಳ್ಳುತ್ತಾರೆ. ನಾವು ಮಂಡ್ಯ ಕಡೆಯವರು, ನನ್ನ ಗಂಡ ರವಿಗೆ ಇಲ್ಲಿ ಫ್ಯಾಕ್ಟರಿ ಕೆಲಸ. ಬಂದ ಹೊಸದರಲ್ಲಿ ಸಹನಳಿಗೆ ಜ್ವರ ಏರಿ ಫಿಟ್ಸ್ ಬಂದಾಗ ರವಿ ಶಿಫ್ಟಿನಲ್ಲಿದ್ದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದು ಈ ಅಯ್ಯನೇ. ನಾವು ಗುಡಿಗೆ ಹೋಗುವವರು. ಅವರು ಒಂದು ದಿನವೂ ಚರ್ಚಿಗೆ ಬನ್ನಿ ಅಂದಿಲ್ಲ.

ಶನಿವಾರ ಸಂಜೆ ಚರ್ಚಿನ ಮೆಟ್ಟಿಲ ಮೇಲೆ ಕೂತು ಅವರು ಚರ್ಚಿನ ಪೇಜಿನಲ್ಲಿ ಲೈವ್ ಬರುತ್ತಾರೆ. ಯಾರು ಏನು ಬೇಕಾದರೂ ಕೇಳಬಹುದು. ಗೊತ್ತಿದ್ದರೆ ಹೇಳುತ್ತಾರೆ, ಇಲ್ಲದಿದ್ದರೆ "ಓದ್ಕೊಂಡು ಬರ್ತೀನಿ" ಅನ್ನುತ್ತಾರೆ. ಓದುವುದು ಬಂಗಾರಪೇಟೆಯ ಪ್ರಾರ್ಥನಾ ಕೂಟಕ್ಕೆ ಹೋಗುವ ರೈಲಿನಲ್ಲಿ. ದಪ್ಪ ತಮಿಳು ಪುಸ್ತಕದಲ್ಲಿ ಮುಳುಗಿ, ಬಂಗಾರಪೇಟೆ ದಾಟಿ ಮಾಲೂರಿನಲ್ಲಿ ಇಳಿದದ್ದೂ ಉಂಟು. ಫೋನ್ ಅವರ ಕೈಯಲ್ಲಿ ನಿಲ್ಲುವುದಿಲ್ಲ, ಹಣೆ ಮಾತ್ರ ಕಾಣುತ್ತದೆ. ಅದಕ್ಕೇ ನಾನು ಹಿಡಿಯುತ್ತೇನೆ.

ಆ ಮಾತು ಬಂದ ಶನಿವಾರ ಕದಿರಮ್ಮ ತಾನೇ ಬಂದು ಮೆಟ್ಟಿಲ ಕೆಳಗೆ ನಿಂತಿದ್ದಳು. ಅವಳ ಗಂಡ ಆಂಜಿನಪ್ಪ ಗಣಿಯಲ್ಲಿ ದುಡಿದವನು. ಎದೆಯಲ್ಲಿ ಧೂಳು ತುಂಬಿ, ಉಸಿರು ಎಳೆದೂ ಎಳೆದೂ ಹೋದ.

"ಅಯ್ಯಾ, ಫೋನಲ್ಲಿ ಬರೋ ದೊಡ್ಡ ಬೋಧಕರು ಏಳ್ತಾರೆ, ನನ್ ನಂಬ್ಕೆ ಸಾಲ್ದೇ ಓಯ್ತಂತೆ, ಅದ್ಕೇ ಗಂಡ ಸತ್ತೋದ್ನಂತೆ. ದಿಟವಾ?"

ಅಯ್ಯ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಆಂಜಿನಪ್ಪನ್ನ ಕೊಂದಿದ್ದು ಧೂಳಮ್ಮಾ, ನಿನ್ನ ನಂಬಿಕೆ ಅಲ್ಲ. ಇಷ್ಟು ನನಗೆ ಗೊತ್ತು. ದೇವರು ಯಾಕೆ ಉಳಿಸ್ಲಿಲ್ಲ ಅಂದ್ರೆ, ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಗೊತ್ತು ಅಂತ ಫೋನಲ್ಲಿ ಕೂಗೋರಿಗೂ ಗೊತ್ತಿಲ್ಲ."

ಕದಿರಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಆಮೇಲೆ ಅಯ್ಯನ ಹೆಂಡತಿ ಇಂದ್ರಾಣಿ ಆಂಟಿಯ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಕೇಳಿ ಕೇಳಿ ಕಾಫಿ ಹಾಕಿಸಿಕೊಂಡು ಕುಡಿದಳು.

ಬೋಧಕರ ಕಡೆಯವರು ಆ ಲೈವಿನ ಹಿಂದುಮುಂದು ಕತ್ತರಿಸಿ, 'ಗೊತ್ತಿಲ್ಲ'ಕ್ಕೆ ತಮಟೆ ಸದ್ದು ಸೇರಿಸಿ ರೀಲ್ ಮಾಡಿ ಬಿಟ್ಟರು. ಊರಿಗೆ ಊರೇ ನಕ್ಕಿತು. ಚರ್ಚಿನ ಕಮಿಟಿ ಸೆಕ್ರೆಟರಿ ರಾಜ್‌ಕುಮಾರ್ ಅಯ್ಯನ ಮನೆಗೇ ಬಂದರು.

"ಅಯ್ಯಾ, ಮಾನ ಹೋಗ್ತಿದೆ. ಈ ಶನಿವಾರ ಸರಿಯಾಗಿ ಒಂದು ಉತ್ತರ ಕೊಟ್ಬಿಡಿ."

"ಯಾವ ಉತ್ತರಪ್ಪಾ?"

"ಏನೋ ಒಂದು. ಪರೀಕ್ಷೆ ಅನ್ನಿ, ದೇವರ ಚಿತ್ತ ಅನ್ನಿ. ಪಾಸ್ಟರ್ ಆದೋರು ಗೊತ್ತಿಲ್ಲ ಅನ್ಬೋದಾ? ಡಾಕ್ಟ್ರು ಹಂಗಂದ್ರೆ ಯಾರ್ ಹೋಗ್ತಾರೆ?"

"ನಾನು ಹೋಗ್ತೀನಿ. ಗೊತ್ತು ಗೊತ್ತು ಅನ್ನೋನೇ ಸುಮ್ನೆ ಕುಯ್ಯೋದು."

ಒಳಗಿನಿಂದ ಇಂದ್ರಾಣಿ ಆಂಟಿ ಕೂಗಿದರು: "ಇವ್ರಿಗೆ ಉಪ್ಪಿನ ಡಬ್ಬ ಎಲ್ಲಿದೆ ಅಂತಾನೂ ಗೊತ್ತಿಲ್ಲ ರಾಜ್‌ಕುಮಾರ್! ಅದಕ್ಕೂ ಒಂದು ಮೀಟಿಂಗ್ ಕರೀರಿ!"

ಶನಿವಾರ ಕಮಿಟಿಯವರೆಲ್ಲ ಮೆಟ್ಟಿಲ ಪಕ್ಕ ಬಂದು ನಿಂತರು. ನಾನು ಫೋನ್ ಹಿಡಿದೆ.

"ಹೋದ ವಾರ ಒಂದು ಪ್ರಶ್ನೆಗೆ ಗೊತ್ತಿಲ್ಲ ಅಂದಿದ್ದೆ. ವಾರವೆಲ್ಲ ಓದಿದೆ" ಅಂದರು ಅಯ್ಯ. ರಾಜ್‌ಕುಮಾರ್ ಮುಖ ಅರಳಿತು. "ಈಗಲೂ ಗೊತ್ತಿಲ್ಲ."

ಅರಳಿದ್ದು ಅಲ್ಲೇ ಬಾಡಿತು. ಅಯ್ಯ ಅತ್ತ ನೋಡಲೇ ಇಲ್ಲ.

"ನಮ್ಮಪ್ಪ ಗಣಿಯೊಳಗೆ ತಲೆ ಮೇಲಿನ ಬಂಡೆನ ಕಬ್ಬಿಣದ ಕಂಬಿಯಿಂದ ತಟ್ಟಿ ಸದ್ದು ಕೇಳೋರು. ಗಟ್ಟಿ ಅಂದ್ರೆ ಆಳುಗಳು ಮುಂದಕ್ಕೆ ಹೋಗೋರು. ಸದ್ದು ತಿಳೀಲಿಲ್ಲ ಅಂದ್ರೆ ಅಪ್ಪ 'ತೆರಿಯಾದು' ಅನ್ನೋರು, ಗೊತ್ತಿಲ್ಲ ಅಂತ. ಕೆಲಸ ನಿಲ್ತು ಅಂತ ಮೇಸ್ತ್ರಿ ಬಯ್ಯೋನು. ಬಯ್ದ್ರೂ ಅಪ್ಪ ಮಾತು ಬದಲಾಯಿಸ್ತಿರ್ಲಿಲ್ಲ. ತಿಳೀದೇನೇ ಗಟ್ಟಿ ಅಂದ್ಬಿಟ್ರೆ ಬಂಡೆ ಬೀಳೋದು ಜೊತೆಯೋರ ಮೇಲೆ. ಕದಿರಮ್ಮನ ಮೇಲೆ ಬಿದ್ದಿದ್ದೂ ಅದೇ. ಇದೇ ಮೆಟ್ಟಿಲ ಮೇಲೆ ಕೂತು ನಾನೂ ಇನ್ನೊಂದು ಬೀಳಿಸಲ್ಲ. ಬಯ್ಯೋರು ಬಯ್ಕೊಳ್ಳಿ."

ಕಾಮೆಂಟಿನಲ್ಲಿ ಬಯ್ಗುಳ ಸುರಿಯತೊಡಗಿತು. ಅಳಿಸಲು ಹೋದೆ. "ಇರ್ಲಿ ಬಿಡಮ್ಮಾ, ಬಯ್ಯೋಕಾದ್ರೂ ಕೊನೇ ತನಕ ಕೇಳ್ತಿದಾರಲ್ಲ" ಅಂದರು.

ಕಮಿಟಿಯವರು ಚರ್ಚಿನ ಪೇಜಿನ ಪಾಸ್‌ವರ್ಡ್ ಬದಲಾಯಿಸಿದರು. ಮುಂದಿನ ಶನಿವಾರ ಚರ್ಚಿನ ಗೇಟಿಗೆ ಬೀಗ. ಚರ್ಚಿಗೆ ಬರುವವರು ಯಾರೂ ಪ್ರಶ್ನೆ ಕೇಳಕೂಡದು ಅಂತ ಮನೆಮನೆಗೂ ಮಾತು ಹೋಯಿತು. "ಕೇಳೋರೇ ಇಲ್ದಿದ್ರೆ ತಾನಾಗೇ ನಿಲ್ಲುತ್ತೆ" ಅಂದರಂತೆ ರಾಜ್‌ಕುಮಾರ್.

ಆ ಶನಿವಾರ ಅಯ್ಯ ತಮ್ಮ ಮನೆ ಜಗಲಿಯಲ್ಲೇ ಕೂತರು. ನನ್ನ ಫೋನು, ನನ್ನ ಡೇಟಾ. ನೋಡುವವರು ಇದ್ದರು, ಕೇಳುವವರು ಒಬ್ಬರೂ ಇಲ್ಲ. ಕದಿರಮ್ಮ ರಸ್ತೆಯಾಚೆ ನಿಂತು ನೋಡಿದಳು, ಈಚೆ ದಾಟಲಿಲ್ಲ. ಅಯ್ಯ ಬೈಬಲಿನ ಒಂದಷ್ಟು ವಾಕ್ಯ ಓದಿದರು, ಕಾದರು, ಕತ್ತಲಾಗುವ ಹೊತ್ತಿಗೆ ಎದ್ದರು. ಅವರು ಅಷ್ಟು ದಣಿದದ್ದನ್ನು ನಾನು ಕಂಡಿರಲಿಲ್ಲ.

ಮನೆಯಲ್ಲಿ ರವಿ ಅಂದರು: "ರಾಜ್‌ಕುಮಾರ್ ಫ್ಯಾಕ್ಟರೀಲಿ ನಮ್ ಸೆಕ್ಷನ್ನೇ ಕಣೇ, ದಿನಾ ಮುಖ ನೋಡ್ಬೇಕು. ನಮ್ ಚರ್ಚೂ ಅಲ್ಲ, ನಮ್ ದೇವ್ರೂ ಅಲ್ಲ. ನಮಗ್ಯಾಕೆ?"

"ಸಹನನ್ನ ಎತ್ಕೊಂಡು ಓಡಿದಾಗ ಅವರು ಯಾವ ದೇವ್ರ ಮಗು ಅಂತ ಕೇಳಿದ್ರಾ?"

ರವಿ ಊಟ ಮುಗಿಸಿದರು. ಆಮೇಲೆ ಎದ್ದು, ಅವರೇ ನನ್ನ ಫೋನ್ ಚಾರ್ಜಿಗೆ ಹಾಕಿದರು.

ನಿನ್ನೆ ಅಯ್ಯ ತಮ್ಮ ಹಿತ್ತಲಿನ ನುಗ್ಗೆಕಾಯಿ ಹಿಡಿದು ಬಂದು ನಮ್ಮ ಬಾಗಿಲಲ್ಲಿ ನಿಂತರು.

"ಶ್ವೇತಮ್ಮಾ, ಒಂದು ಉಪಕಾರ ಮಾಡ್ಬೇಕಲ್ಲ."

"ಫೋನ್ ತಾನೇ ಅಯ್ಯಾ? ಬರ್ತೀನಿ."

"ಫೋನ್ ಇಂದ್ರಾಣಿ ಹಿಡೀತಾಳೆ, ಹಣೆ ಕಂಡ್ರೂ ಪರವಾಗಿಲ್ಲ. ನೀನು ಬಂದು ನನ್ನ ಎದುರು ಕೂತ್ಕೋ. ಮುಖ ಕಾಣೋ ಹಾಗೆ, ಹೆಸರು ಹೇಳಿ, ಮೊದಲನೇ ಪ್ರಶ್ನೆ ನೀನು ಕೇಳು. ಒಬ್ರು ಬಾಯಿ ಬಿಟ್ರೆ ಕದಿರಮ್ಮನೂ ರಸ್ತೆ ದಾಟ್ತಾಳೆ."

"ನಾನು ಗುಡಿಗೆ ಹೋಗೋಳು. ನಾನೇನು ಕೇಳ್ಲಿ?"

"ಅದು ನನಗೆ ಗೊತ್ತಿಲ್ಲ" ಅಂದರು, ನುಗ್ಗೆಕಾಯಿ ನನ್ನ ಕೈಗಿಟ್ಟು. "ಆದ್ರೆ ಪಾಪ ಮುದುಕ ಅಂತ ಸುಲಭದ್ದು ಮಾತ್ರ ಕೇಳ್ಬೇಡಮ್ಮಾ."